ಸಣ್ಣ ಸ್ಕೇಲಿನ ನಕ್ಷೆಗೆ ಪ್ಲೇನ್ ಟೇಬಲ್ ಸೆಟ್: ಯಾವ ಭಾಗವನ್ನು ನಂಬಬಹುದು

ಕೆರೆಯೊಂದರ ಜಲಾನಯನ ಪ್ರದೇಶವನ್ನು 1:10,000 ಸ್ಕೇಲಿನಲ್ಲಿ ಗುರುತಿಸಲೆಂದು ತರಿಸಿದ ಈ ಪ್ಲೇನ್ ಟೇಬಲ್ (ಸ್ಥಳದಲ್ಲೇ ಕಾಗದದ ಮೇಲೆ ನಕ್ಷೆ ಬರೆಯುವ ಹಲಗೆ) ಸೆಟ್ಟಿನಲ್ಲಿ 75 × 60 ಸೆಂ.ಮೀ. ಅಳತೆಯ ತೇಗದ ಹಲಗೆ, ಟ್ರೈಪಾಡ್, ಸಾದಾ ಅಲಿಡೇಡ್ (ಗುರಿ ನೋಡಿ ಗೆರೆ ಎಳೆಯುವ ಪಟ್ಟಿ), ಹಲಗೆಯ ಮಟ್ಟ ನೋಡುವ ಸ್ಪಿರಿಟ್ ಲೆವೆಲ್, ಟ್ರಫ್ ಕಂಪಾಸ್ (ಉದ್ದನೆಯ ಪೆಟ್ಟಿಗೆಯ ದಿಕ್ಸೂಚಿ), ಯು-ಫೋರ್ಕ್ (ಕಾಗದದ ಬಿಂದುವನ್ನು ನೆಲದ ಬಿಂದುವಿನ ನೇರಕ್ಕೆ ತರುವ ಕವಲು) ಮತ್ತು ತೂಗುಗುಂಡು ಇವೆ. ಬೆಲೆಗೆ ತಕ್ಕ ಸಾಮಗ್ರಿಯೆಂದು ಹೇಳಬಲ್ಲೆ, ಆದರೆ ಎಲ್ಲ ಭಾಗಗಳೂ ಒಂದೇ ಗುಣಮಟ್ಟದವಲ್ಲ.

ಅತ್ಯುತ್ತಮವಾಗಿರುವುದು ಹಲಗೆ. ಚೆನ್ನಾಗಿ ಒಣಗಿಸಿದ ಮರವಾದ್ದರಿಂದ ಬಿಸಿಲಿಗೆ ಬಾಗಿಲ್ಲ, ಮತ್ತು ಕ್ಲಾಂಪ್ ಬಿಗಿದ ಮೇಲೆ ಅಲುಗುವುದಿಲ್ಲ. ಒಂದು ನಿಲ್ದಾಣದಿಂದ ಗುರಿಗಳತ್ತ ಕಿರಣಗಳನ್ನೆಲ್ಲ (ಗೆರೆಗಳನ್ನೆಲ್ಲ) ಎಳೆದು ಮುಗಿಸಿದ ನಂತರ ಮೊದಲ ಗುರಿಯತ್ತ ಅಲಿಡೇಡನ್ನು ಮತ್ತೆ ಇಟ್ಟು ನೋಡಿದಾಗ, ಅದರ ಅಂಚು ಹಳೆಯ ಗೆರೆಯ ಮೇಲೆಯೇ ಬಂದು ಕುಳಿತಿತು. ಅಲಿಡೇಡಿನ ಅಂಚೂ ನೇರವಾಗಿದೆ. ಒಂದು ಗೆರೆ ಎಳೆದು, ಪಟ್ಟಿಯ ತುದಿಗಳನ್ನು ಅದಲುಬದಲು ಮಾಡಿ ಅದೇ ಎರಡು ಬಿಂದುಗಳ ನಡುವೆ ಮತ್ತೊಮ್ಮೆ ಎಳೆದರೆ ಎರಡೂ ಒಂದಾಗಬೇಕು, ಇಲ್ಲಿ ಒಂದಾಗುತ್ತವೆ.

ನನ್ನ ಆಕ್ಷೇಪವಿರುವುದು ಟ್ರಫ್ ಕಂಪಾಸಿನ ಬಗ್ಗೆ. ಅದರ ಸೂಜಿ ನಿಧಾನವಾಗಿ ನೆಲೆಗೊಳ್ಳುತ್ತದೆ, ಪ್ರತಿಸಲವೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ಹಲಗೆಯ ದಿಕ್ಕಿನಲ್ಲಿ ಅರ್ಧ ಡಿಗ್ರಿ ತಪ್ಪಿದರೆ 10 ಸೆಂ.ಮೀ. ಉದ್ದದ ಕಿರಣದ ತುದಿ ಸುಮಾರು 0.87 ಮಿ.ಮೀ. ಸರಿಯುತ್ತದೆ, ಅಂದರೆ 1:10,000 ಸ್ಕೇಲಿನಲ್ಲಿ ನೆಲದ ಮೇಲೆ ಹೆಚ್ಚುಕಡಿಮೆ 8.7 ಮೀಟರ್. ಯು-ಫೋರ್ಕಿನ ಕೆಲಸವಾದ ಕೇಂದ್ರೀಕರಣದಲ್ಲಿ 30 ಸೆಂ.ಮೀ. ತಪ್ಪಾದರೂ ಕಾಗದದ ಮೇಲೆ ಬರುವ ವ್ಯತ್ಯಾಸ ಕೇವಲ 0.03 ಮಿ.ಮೀ.; ಚೂಪಾದ ಪೆನ್ಸಿಲಿನಿಂದಲೂ ಸುಮಾರು 0.25 ಮಿ.ಮೀ.ಗಿಂತ ಸೂಕ್ಷ್ಮವಾಗಿ ಗುರುತಿಸಲಾಗದು ಎಂಬುದನ್ನು ನೆನೆದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಅದೇ ತಪ್ಪು 1:500 ಸ್ಕೇಲಿನ ನಿವೇಶನ ನಕ್ಷೆಯಲ್ಲಿ 0.6 ಮಿ.ಮೀ. ಆಗಿ ಎದ್ದು ಕಾಣುತ್ತದೆ. ಆದ್ದರಿಂದ ಯು-ಫೋರ್ಕ್ ಇಲ್ಲಿ ಸ್ವಲ್ಪ ಸಡಿಲವಾಗಿರುವುದನ್ನು ನಾನು ದೋಷವೆಂದು ಎಣಿಸುವುದಿಲ್ಲ.

ಕಂಪಾಸಿನಿಂದ ಒರಟು ದಿಕ್ಕನ್ನಷ್ಟೇ ಪಡೆದು, ಮೊದಲೇ ನಕ್ಷೆಯಲ್ಲಿರುವ ಮೂರು ಗುರಿಗಳನ್ನು ನೋಡಿ ರಿಸೆಕ್ಷನ್ ಮಾಡುವುದು, ಅಂದರೆ ಅವುಗಳಿಂದ ಹಿಂದಕ್ಕೆ ಗೆರೆ ಎಳೆದು ನಾವು ನಿಂತ ಜಾಗವನ್ನು ನಕ್ಷೆಯಲ್ಲಿ ಗುರುತಿಸುವುದು, ಸರಿಯಾದ ದಾರಿ. ಮೂರು ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡದೆ ಸಣ್ಣ ತ್ರಿಕೋನ ಬಿಟ್ಟರೆ, ದಿಕ್ಕು ಇನ್ನೂ ತಪ್ಪಿದೆಯೆಂದು ಹಲಗೆಯೇ ಸ್ಥಳದಲ್ಲಿ ತೋರಿಸಿಕೊಡುತ್ತದೆ. ಲೇಮನ್ ನಿಯಮಗಳ (ಈ ತ್ರಿಕೋನದಿಂದ ಸರಿಯಾದ ಬಿಂದುವನ್ನು ಅಂದಾಜಿಸುವ ನಿಯಮಗಳ) ಪ್ರಕಾರ ತಿದ್ದುತ್ತ ಹೋದರೆ ತ್ರಿಕೋನ ಬಿಂದುವಾಗಿ ಮುಚ್ಚಿಕೊಳ್ಳುತ್ತದೆ. ಈ ವಿಧಾನದ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಆ ಮೂರು ಗುರಿಗಳ ಮೂಲಕ ಹಾದುಹೋಗುವ ವೃತ್ತದ ಮೇಲೆ ನಿಂತರೆ ಸ್ಥಾನವೇ ನಿರ್ಧಾರವಾಗದು. ಆ ಗುರಿಗಳೇ ಮೂಲೆಗಳಾಗಿರುವ ತ್ರಿಕೋನದೊಳಗೆ ನಿಲ್ಲುವುದು ಕ್ಷೇಮ. ಕುದುರೆಮುಖದಂಥ ಮ್ಯಾಗ್ನೆಟೈಟ್ (ಕಾಂತೀಯ ಕಬ್ಬಿಣ) ಅದಿರಿನ ಬೆಟ್ಟಗಳಲ್ಲಂತೂ ಸೂಜಿಯನ್ನು ಒರಟು ದಿಕ್ಕಿಗೂ ನೆಚ್ಚಬಾರದು.

ದೂರದ ಗುರಿಗಳಿಗೆ ಟೇಪು ಹಿಡಿಯದೆ ಎರಡು ನಿಲ್ದಾಣಗಳಿಂದ ಇಂಟರ್ಸೆಕ್ಷನ್ ಮಾಡಬಹುದು (ಎರಡು ಕಿರಣಗಳು ಕೂಡುವಲ್ಲಿ ಗುರಿಯನ್ನು ಗುರುತಿಸಬಹುದು), ಕಿರಣಗಳು ತೀರ ಓರೆಯಾಗಿ ಕೂಡದಿದ್ದರೆ ಸಾಕು. ಬಯಲುಸೀಮೆಯ ತೆರೆದ ನೆಲಕ್ಕೆ ಈ ಸೆಟ್ಟು ಚೆನ್ನಾಗಿ ಒಪ್ಪುತ್ತದೆ. ದಟ್ಟ ಮರಗಳ ಮಲೆನಾಡಿಗೆ, ಕಾಗದ ತೇವ ಹೀರಿ ಹಿಗ್ಗುವ ಮಳೆಗಾಲಕ್ಕೆ ಒಪ್ಪುವುದಿಲ್ಲ. ಏರಿಳಿತದ ನೆಲದಲ್ಲಿ ಎತ್ತರಗಳೂ ಬೇಕೆನ್ನುವವರು ಸಾದಾ ಅಲಿಡೇಡಿನ ಬದಲು ಟೆಲಿಸ್ಕೋಪಿಕ್ (ದೂರದರ್ಶಕವುಳ್ಳ) ಅಲಿಡೇಡ್ ಇರುವ ಸೆಟ್ಟನ್ನೇ ಕೇಳಿ ಪಡೆಯುವುದು ಒಳಿತು.