ರೆಕಾರ್ಡ್ ಮಾಡಿದ ಕೋರ್ಸು, ಚೆನ್ನೈಯ ಆನ್‌ಲೈನ್ ಕ್ಲಾಸು, ನೀರ್ಚಾಲಿನ ಜಗಲಿ

ಮೊದಲೇ ಹೇಳಿಬಿಡುತ್ತೇನೆ, ಕರ್ನಾಟಕ ಸಂಗೀತ ಕೇಳಲು ಕಲಿಯುವುದಕ್ಕೆ ನನ್ನ ಓಟು ನೀರ್ಚಾಲಿನ ಜಗಲಿ ಕ್ಲಾಸಿಗೆ. ಉಳಿದ ಎರಡಕ್ಕೂ ದುಡ್ಡು ಕಟ್ಟಿ ಆದ ಮೇಲೆ ಬಂದ ಬುದ್ಧಿ ಇದು.

ನನಗೆ ಹಾಡಲು ಕಲಿಯಬೇಕಿರಲಿಲ್ಲ, ಕೇಳಲು ಕಲಿಯಬೇಕಿತ್ತು. ಕಾಸರಗೋಡಿನ ಬದಿಯಡ್ಕದಲ್ಲಿ ಸಣ್ಣ ಅಂಗಡಿ ನನ್ನದು. ಯಕ್ಷಗಾನದ ಆಟವಾದರೆ ಬೆಳಗ್ಗಿನವರೆಗೆ ಕೂತು ನೋಡುತ್ತೇನೆ. ಸಂಗೀತ ಕಚೇರಿಯಲ್ಲಿ ಅರ್ಧ ಗಂಟೆಗೇ ಆಕಳಿಕೆ. ಎಂಟನೇ ಕ್ಲಾಸಿನ ಮಗಳು ಇಯರ್‌ಫೋನ್ ತೆಗೆಯುವುದೇ ಅಪರೂಪ. ಇಬ್ಬರೂ ಒಟ್ಟಿಗೆ ಪ್ರಯತ್ನ ಮಾಡೋಣ ಅಂತ ಹೊರಟೆವು.

ಮೊದಲು ಕೊಂಡದ್ದು ರೆಕಾರ್ಡ್ ಮಾಡಿದ ಕೋರ್ಸು. ವರ್ಷಕ್ಕೆ ₹3,500. ವಿಡಿಯೊ ಚೆಂದ, ಸೌಂಡ್ ಇನ್ನೂ ಚೆಂದ. ಆದರೆ ಶುರುವಾಗುವುದೇ 72 ಮೇಳಕರ್ತದ, ಅಂದರೆ ಮೂಲ ರಾಗಗಳ, ಪಟ್ಟಿಯಿಂದ. ಊಟಕ್ಕೆ ಕರೆದು ಭತ್ತದ ತಳಿಗಳ ಹೆಸರು ಓದಿ ಹೇಳಿದ ಹಾಗೆ. ಪ್ರತಿ ರಾಗಕ್ಕೂ ಒಂದೊಂದು ಸಿನಿಮಾ ಹಾಡಿನ ಉದಾಹರಣೆ ಬೇರೆ. ಮಗಳು ಆ ಹಾಡುಗಳನ್ನು ಹುಡುಕಿ ಕೇಳಿದಳು, ರಾಗವನ್ನು ಅಲ್ಲೇ ಬಿಟ್ಟಳು. ಆರನೇ ವಿಡಿಯೊಕ್ಕೆ ನಮ್ಮ ಕಥೆ ಮುಗಿಯಿತು.

ಎರಡನೆಯದು ಚೆನ್ನೈಯ ಟೀಚರ್ ಒಬ್ಬರ ಆನ್‌ಲೈನ್ ಕ್ಲಾಸ್. ತಿಂಗಳಿಗೆ ನಾಲ್ಕು ಕ್ಲಾಸ್, ₹1,200. ಟೀಚರ್ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ತೊಂದರೆ ಕೊಟ್ಟದ್ದು ತಂಬೂರ, ಹಾಡಿನ ಹಿಂದೆ ಶ್ರುತಿ, ಅಂದರೆ ಆಧಾರ ಸ್ವರ, ಹಿಡಿದು ನಿಲ್ಲುವ ತಂತಿವಾದ್ಯ.

ಅವರು ತಂಬೂರ ಹಾಕುತ್ತಿದ್ದರು. ನಮಗೆ ಎರಡು ಸೆಕೆಂಡ್ ಕೇಳಿಸುತ್ತಿತ್ತು, ಆಮೇಲೆ ಮಾಯ. ಅವರು ಹಾಡಿದಾಗ ಅದರ ಚೂರು ಸ್ವರದ ಬಾಲ ಹಿಡಿದು ಬರುತ್ತಿತ್ತು, ಹಾಡು ನಿಲ್ಲಿಸಿದರೆ ಪುನಃ ಮಾಯ. ಅವರು ಷಡ್ಜ, ಅಂದರೆ ‘ಸ’, ಹಿಡಿದು ನಿಂತರೆ ಆ ಸ್ವರವೂ ನಡುವೆ ಕರಗುತ್ತಿತ್ತು. ಸ್ವರ ಮೇಲಿದೆಯೋ ಕೆಳಗಿದೆಯೋ ಅಂತ ಗೊತ್ತಾಗುವುದು ಶ್ರುತಿಗೆ ಹಚ್ಚಿ ನೋಡಿದಾಗ ಅಲ್ವಾ? ಶ್ರುತಿಯೇ ಇಲ್ಲದಿದ್ದರೆ ನಾವು ಕೇಳುವುದು ಏನನ್ನು?

ಮೂರು ವಾರ ನೆಟ್‌ವರ್ಕಿಗೆ ಬೈದೆವು. ಮೋಡೆಮ್ಮನ್ನು ಕಪಾಟಿನ ಮೇಲಿಟ್ಟೆವು. ಒಂದು ದಿನ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಪಕ್ಕ ಕೂತು ಕ್ಲಾಸ್ ಕೇಳಿದ್ದೂ ಆಯಿತು. ಕೊನೆಗೆ ಮಂಗಳೂರಿನಲ್ಲಿರುವ ಅಕ್ಕನ ಮಗ ವಿಷಯ ಹೇಳಿದ. ವಿಡಿಯೊ ಕರೆಯ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಒಂದೇ ಸಮನೆ ಬರುವ ಶಬ್ದವನ್ನು ಫ್ಯಾನಿನ ಗದ್ದಲ ಅಂದುಕೊಂಡು ಅಳಿಸಿಬಿಡುತ್ತವೆ. ತಂಬೂರದ ಕೆಲಸವೇ ಒಂದೇ ಸಮನೆ ಇರುವುದು! ಹಾಡುವವರು ತಮ್ಮ ಕಡೆ ಸೆಟ್ಟಿಂಗಿಗೆ ಹೋಗಿ, ಶಬ್ದವನ್ನು ಇದ್ದ ಹಾಗೇ ಕಳಿಸು ಅಂತ ಬದಲಿಸಬೇಕು.

ಬದಲಿಸಿದರು. ಆವತ್ತು ತಂಬೂರ ಬಂತು, ಸಂತೋಷವಾಯಿತು. ಆದರೆ ಅವರು ಒಂದು ದಿನ ಲ್ಯಾಪ್‌ಟಾಪ್, ಇನ್ನೊಂದು ದಿನ ಫೋನ್. ಫೋನಿನಲ್ಲಿ ಬಂದ ದಿನ ಮತ್ತೆ ಫ್ಯಾನಿನ ಕಥೆ. ಪ್ರತಿ ಸಲ "ಟೀಚರ್, ತಂಬೂರ ಇಲ್ಲ" ಅನ್ನಲು ನನಗೆ ನಾಚಿಕೆ. ಕೊನೆಕೊನೆಗೆ ಸುಮ್ನೆ ಕೂತು ತಲೆ ಆಡಿಸುತ್ತಿದ್ದೆ.

ಒಟ್ಟಿಗೆ ತಾಳ ಹಾಕುವುದೂ ಆಗುವುದಿಲ್ಲ. ಶಬ್ದ ಸ್ವಲ್ಪ ತಡವಾಗಿ ಬರುತ್ತದೆ, ಅವರ ಪೆಟ್ಟೇ ಬೇರೆ, ನಮ್ಮ ಪೆಟ್ಟೇ ಬೇರೆ.

ಇನ್ನು ನೀರ್ಚಾಲು. ನಿವೃತ್ತ ಸಂಗೀತ ಟೀಚರ್ ಒಬ್ಬರ ಮನೆ ಜಗಲಿ, ಭಾನುವಾರ ಮೂರು ಗಂಟೆಗೆ, ತಿಂಗಳಿಗೆ ₹300. ನಾವು ಆರು ಮಂದಿ. ಗೋಡೆಗೆ ಒರಗಿಸಿದ ನಿಜವಾದ ತಂಬೂರ, ನಾಲ್ಕು ತಂತಿ. ಮೊದಲ ದಿನ ಅದನ್ನು ಮೀಟುತ್ತಾ ಐದು ನಿಮಿಷ ಯಾರೂ ಮಾತಾಡಬಾರದು ಅಂದರು. ಮಗಳು ನನ್ನ ಮುಖ ನೋಡಿದಳು. ಮೊದಲ ತಿಂಗಳು ಒಂದು ರಾಗದ ಹೆಸರೂ ಇಲ್ಲ.

ಆಮೇಲೊಂದು ದಿನ ನನ್ನನ್ನೇ ಹಿಡಿದರು. "ಆಟ ಆಟ ಅಂತೀರಲ್ಲ, ನಿಮಗೆ ಬಾಯಿಪಾಠ ಇರುವ ಒಂದು ಪದ ಹೇಳಿ ನೋಡುವ." ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇರುವಾಗ ಬರುವುದಿಲ್ಲ ಅನ್ನುವಂತಿಲ್ಲ. ಒರಟು ಸ್ವರದಲ್ಲಿ ಹಾಡಿದೆ. "ಇದು ಮೋಹನ ರಾಗ" ಅಂದರು. ಅದೇ ಸರಿಗಪದ ಐದು ಸ್ವರ ಹಿಡಿದು ಕಚೇರಿಯ ಮೋಹನ ಹಾಡಿ ತೋರಿಸಿದರು. "ಎರಡೂ ಒಂದೇ ಅಲ್ಲ ಮಾರಾಯ್ರೇ. ದಾಯಾದಿಗಳು." ನಲವತ್ತು ವರ್ಷ ಕೇಳಿದ್ದು ಏನು ಅಂತ ಅವತ್ತು ಗೊತ್ತಾಯಿತು.

ಇನ್ನೊಂದು ಭಾನುವಾರ ಪುರಂದರದಾಸರ ಗೀತೆ. ಚೆನ್ನೈಯ ಮಗುವೂ ವಿಜಯವಾಡದ ಮಗುವೂ ಸರಳೆ, ಜಂಟಿ, ಅಲಂಕಾರ ಅನ್ನುವ ಮೊದಲ ಪಾಠಗಳನ್ನು ದಾಟಿ ಸಾಮಾನ್ಯವಾಗಿ ಬಂದು ನಿಲ್ಲುವುದು ಈ ಕನ್ನಡದ ದಾಸರ, ಮಲಹರಿ ರಾಗದ ಅದೇ ಪಿಳ್ಳಾರಿ ಗೀತೆಗಳಿಗೆ. ಶಾಲೆಗೆ ಹೋದರೆ ಕನ್ನಡವೇ ಯಾಕೆ ಅಂತ ಕೇಳಿಸಿಕೊಳ್ಳುವ ಕಾಸರಗೋಡಿನ ಹುಡುಗಿಗೆ ಇದು ಸಣ್ಣ ವಿಷಯವಲ್ಲ.

ನವರಾತ್ರಿಗೆ ಟೀಚರೇ ನಮ್ಮನ್ನು ದೇವಸ್ಥಾನದ ಕಚೇರಿಗೆ ಕರಕೊಂಡು ಹೋದರು. ಟಿಕೆಟ್ ಇಲ್ಲ. ಹಾಡು ನಿಲ್ಲಿಸಿ ಮೃದಂಗಕ್ಕೆ ಬಿಡುವ ತನಿ ಆವರ್ತನ ಶುರುವಾದರೆ ನಾನು ಮಾಮೂಲಾಗಿ ಕಾಫಿಗೆ ಏಳುವವನು. ಏಳಲು ಬಿಡಲಿಲ್ಲ. ತೊಡೆ ಮೇಲೆ ಆದಿತಾಳ ಹಾಕಿ, ಎಂಟು ಎಣಿಸಿ, ಅಷ್ಟೇ ಸಾಕು ಅಂದರು. ಮೃದಂಗದವರ ಕೊನೆಯ ಮುಕ್ತಾಯ ಮೂರು ಸಲ ಬಂದು ಪಲ್ಲವಿ ಎತ್ತುವ ಜಾಗಕ್ಕೆ ಸರಿಯಾಗಿ ಬಿತ್ತು. ನನ್ನ ಲೆಕ್ಕ ಅಷ್ಟರಲ್ಲಿ ತಪ್ಪಿತ್ತು. ಮಗಳದ್ದು ತಪ್ಪಿರಲಿಲ್ಲ. ನನ್ನ ಪಕ್ಕೆಗೆ ತಿವಿದಳು.

ಕೊರತೆ ಇಲ್ಲ ಅಂತಲ್ಲ. ಅಡಿಕೆ ಕೊಯ್ಲಿನ ವಾರ ಕ್ಲಾಸ್ ಇಲ್ಲ. ಮಳೆಗಾಲದಲ್ಲಿ ಎರಚಲಿಗೆ ಜಗಲಿ ಅರ್ಧ ಒದ್ದೆ. ರೆಕಾರ್ಡ್ ಮಾಡಲು ಬಿಡುವುದಿಲ್ಲ, ತಪ್ಪಿದರೆ ತಪ್ಪಿತು.

ನನಗೆ ಭಾನುವಾರ ಅಂಗಡಿ ರಜೆ, ನೀರ್ಚಾಲಿಗೆ ಬಸ್ಸಲ್ಲಿ ಹತ್ತು ನಿಮಿಷ, ಹಾಗಾಗಿ ಇದು ಒಗ್ಗಿತು. ದುಬೈಯಲ್ಲಿರುವ ನನ್ನ ಭಾವನಂಥವರಿಗೆ ಆನ್‌ಲೈನೇ ಗತಿ. ಫೀಸು ಕಟ್ಟುವ ಮೊದಲು ಒಂದೇ ಒಂದು ಕ್ಲಾಸ್ ಕೇಳಿ, ತಂಬೂರ ಕೇಳಿಸುತ್ತದಾ ನೋಡಿ. ಕೋರ್ಸಿನ ಅವಧಿ ಇನ್ನೂ ಮೂರು ತಿಂಗಳಿದೆ. 72 ಮೇಳಕರ್ತ ಬಾಯಿಪಾಠ ಮಾಡಬೇಕು ಅನ್ನುವವರಿದ್ದರೆ ಅಂಗಡಿಗೆ ಬನ್ನಿ, ಕೌಂಟರಿನ ಹಿಂದೆ ಕೂರಿಸಿ ತೋರಿಸುತ್ತೇನೆ.