ಹಪ್ಪಳದ ಹಾಗೆ ಒಣಗಿದ ಸ್ವ್ಯಾಬ್

ಅತ್ತೆಗೆ ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚುವವಳು ನಾನೇ. ಅದಕ್ಕೇ ಮಾಟುಂಗಾದ ಮೆಡಿಕಲ್‌ನಿಂದ 100 ಆಲ್ಕೋಹಾಲ್ ಸ್ವ್ಯಾಬ್ ಇರುವ ಡಬ್ಬ ತಂದೆ. ಚುಚ್ಚುವ ಮೊದಲು ಚರ್ಮ ಒರೆಸುವ ಒದ್ದೆ ತುಂಡುಗಳು ಇವು, ಒಂದೊಂದೂ ಬೇರೆ ಬೇರೆ ಪ್ಯಾಕೆಟ್ಟಿನಲ್ಲಿ. ಮೆತ್ತಗಿದೆ, ನೂಲು ಬಿಡುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಶೇ. 70. "ಉಳಿದ 30 ಬರೀ ನೀರಾ? ಮೋಸ ಅಲ್ವಾ?" ಎಂದರು ಅತ್ತೆ. ಮೋಸವಲ್ಲ. ನೀರು ಇದ್ದರೇನೇ ಅದು ಬೇಗ ಆರಿಹೋಗದೆ ಕ್ರಿಮಿಯ ಪ್ರೋಟೀನ್ ಕೆಡಿಸುವುದು. ಒರೆಸಿದ ಮೇಲೆ ಚರ್ಮ ಆರುವ ತನಕ ಕಾಯಿರಿ, ಇಲ್ಲದಿದ್ದರೆ ಚುರ್ ಎನ್ನುತ್ತದೆ. ಬೈಗುಳ ಬೇರೆ!

ನನ್ನ ತಕರಾರು ಪ್ಯಾಕೆಟ್ಟಿನದು. ಅಂಚಿನ ಅಂಟು ಸರಿಯಿಲ್ಲ. ಮೊದಲ ವಾರದ 14ರಲ್ಲಿ 3 ಪೂರ್ತಿ ಒಣಗಿದ್ದವು. ಮುಂಬಯಿ ಮಳೆಗಾಲದಲ್ಲಿ ನಮ್ಮ ಹಪ್ಪಳವೇ ಒಣಗುವುದಿಲ್ಲ, ಇದು ಹೇಗೆ ಒಣಗಿತೋ! ಅಂಗಡಿಯವರು ಸುಮ್ನೆ ಬದಲಿಸಿ ಕೊಟ್ಟರು. ಹೊಸ ಡಬ್ಬದಲ್ಲೂ ಒಂದು ಸಿಕ್ಕಿದೆ.