ಮೆಡ್‌ಲೈನ್‌ಪ್ಲಸ್: ಮನೆಯ ಹಿರಿಯರ ಫೋನಿಗೆ ಹಾಕಿಕೊಡಬಹುದೇ?

ಧಾರಾಳವಾಗಿ. ಆದರೆ ಅದರಲ್ಲಿ ಮಾತ್ರೆಯ ಮಾಹಿತಿ ಹುಡುಕುವ ಕ್ರಮವನ್ನು ಮೊದಲು ಹೇಳಿಕೊಡಿ.

ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1998ರಿಂದ ನಡೆಸುತ್ತಿರುವ, ರೋಗ ಮತ್ತು ಔಷಧಿಗಳ ಮಾಹಿತಿ ಕೊಡುವ ಉಚಿತ ಜಾಲತಾಣವಿದು. ಜಾಹೀರಾತಿಲ್ಲ, ಓದಲು ಲಾಗಿನ್ ಬೇಕಿಲ್ಲ, ವಾರದಲ್ಲಿ ಶುಗರ್ ಇಳಿಸುತ್ತೇನೆಂದು ಪುಡಿ ಮಾರುವವರ ಕಾಟವೂ ಇಲ್ಲ. ಮುಖ್ಯ ಪುಟಗಳು ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಮಾತ್ರ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ, 'ಟ್ರಾನ್ಸ್‌ಲೇಟ್' ಆರಿಸಿದರೆ ಕನ್ನಡಕ್ಕೆ ತಿರುಗುತ್ತದೆ. ಒಟ್ಟು ವಿಷಯ ತಿಳಿಯಲು ಅಡ್ಡಿಯಿಲ್ಲ. ಆದರೆ ಅಂಕಿಗಳನ್ನೂ 'ತೆಗೆದುಕೊಳ್ಳಬೇಡಿ' ಎಂಬಂಥ ಸಾಲುಗಳನ್ನೂ ಇಂಗ್ಲಿಷ್ ಬಲ್ಲವರೊಬ್ಬರು ಮೂಲದ ಜೊತೆ ತಾಳೆ ನೋಡಲೇಬೇಕು.

ಹೆಚ್ಚಿನವರು ಎಡವುವುದು ಬ್ರ್ಯಾಂಡ್ ಹೆಸರು ಹಾಕಿ ಹುಡುಕುವುದರಲ್ಲಿ. ನಮ್ಮ ಬ್ರ್ಯಾಂಡ್‌ಗಳು ಅಲ್ಲಿ ಸಿಗುವುದೇ ಅಪರೂಪ. ಸ್ಟ್ರಿಪ್ ಮೇಲೆ 'ಆಮ್ಲೊಡಿಪೈನ್ ಟ್ಯಾಬ್ಲೆಟ್ಸ್ ಐಪಿ' ಎಂಬಂಥ ಸಾಲಿರುತ್ತದಲ್ಲ, ಅದರ ಮೊದಲ ಪದ ಹಾಕಿ. ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಇದ್ದರೆ ಎರಡನ್ನೂ ಬೇರೆಬೇರೆಯಾಗಿ ಹುಡುಕಿ. ಪ್ಯಾರಾಸಿಟಮಾಲ್‌ಗೆ ಅಲ್ಲಿ ಅಸಿಟಮಿನೋಫೆನ್ ಎಂದು ಹೆಸರು. ಸಾಲ್ಬುಟಮಾಲ್ ಅಲ್ಬುಟೆರಾಲ್ ಆಗಿದೆ, ಗ್ಲಿಬೆನ್‌ಕ್ಲಮೈಡ್ ಗ್ಲೈಬುರೈಡ್. ಬಿಪಿಯ ಸಿಲ್ನಿಡಿಪೈನ್, ಶುಗರ್‌ನ ಗ್ಲಿಕ್ಲಜೈಡ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಅಮೆರಿಕದಲ್ಲಿ ಮಾರಾಟಕ್ಕಿಲ್ಲ. ಹಾಗಾಗಿ ಔಷಧಿ ಪುಟವನ್ನು ಹುಡುಕಿ ಸುಸ್ತಾಗಬೇಡಿ. ಬಿಪಿ, ಶುಗರ್ ಇರುವ ನಮ್ಮವರಿಗೆ ಇದೇ ದೊಡ್ಡ ಕೊರತೆ.

ಸಿಕ್ಕ ಪುಟಗಳು ಮಾತ್ರ ಚಿನ್ನ. ಬಿಪಿ ಮಾತ್ರೆ ಆಮ್ಲೊಡಿಪೈನ್‌ನ ಪುಟ ತೆರೆದರೆ ಪಾದ ಊದುವುದು ಅಡ್ಡಪರಿಣಾಮಗಳಲ್ಲೇ ಇದೆ. ವಯಸ್ಸಾಯಿತೆಂದು ಸುಮ್ಮನಿರುವವರು ಡಾಕ್ಟರಿಗೆ ಹೇಳಲು ಅಷ್ಟು ಸಾಕು. ಬಿಪಿಗೆ ಟೆಲ್ಮಿಸಾರ್ಟನ್ ನುಂಗುವವರು ಡಾಕ್ಟರನ್ನು ಕೇಳದೆ ಪೊಟ್ಯಾಸಿಯಂ ಇರುವ ಬದಲಿ ಉಪ್ಪು ಬಳಸಬಾರದೆಂದು ಅದರ ಪುಟ ಹೇಳುತ್ತದೆ. 'ಲೋ ಸೋಡಿಯಂ' ಪೊಟ್ಟಣ ಕೊಳ್ಳುವ ಮುನ್ನ ಇದನ್ನು ಓದಿ. ಶುಗರ್‌ನ ಮೆಟ್‌ಫಾರ್ಮಿನ್ ಎಸ್‌ಆರ್ (ಸಸ್ಟೇನ್ಡ್ ರಿಲೀಸ್) ಮಾತ್ರೆ ಗಂಟಲಲ್ಲಿ ಇಳಿಯದೆಂದು ಕುಟ್ಟಿ ನುಂಗುವವರಿದ್ದಾರೆ. ನಿಧಾನವಾಗಿ ಬಿಡಬೇಕಾದ ಔಷಧಿ ಆಗ ಒಮ್ಮೆಲೇ ಬಿಡುಗಡೆಯಾಗುತ್ತದೆ. ಒಂದು ಹೊತ್ತಿನ ಮಾತ್ರೆ ಮರೆತರೆ ಏನು ಮಾಡಬೇಕೆಂಬುದಕ್ಕೂ ಪ್ರತ್ಯೇಕ ಭಾಗವಿದೆ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತಾಣದ ಭಾಷೆ ಇನ್ನೂ ಸರಳ, ಗ್ಲಿಕ್ಲಜೈಡ್ ಕೂಡ ಅಲ್ಲಿ ಸಿಗುತ್ತದೆ. ಆದರೆ ರಕ್ತದ ಶುಗರ್ ಅಳೆಯುವ ಮಾನ ಬೇರೆ: ಅವರ 7 (mmol/L) ನಮ್ಮ ಲ್ಯಾಬ್ ರಿಪೋರ್ಟಿನ 126 (mg/dL). 18ರಿಂದ ಗುಣಿಸಬೇಕು. ಮೆಡ್‌ಲೈನ್‌ಪ್ಲಸ್ ಅಂಕಿಗೆ ಆ ಲೆಕ್ಕ ಬೇಡ. ಅಲ್ಲಿ ಬದಲಿಸಿ ಓದಬೇಕಾದದ್ದು ತುರ್ತಿಗೆ ಕೊಟ್ಟಿರುವ 911. ನಮ್ಮ ಆಂಬ್ಯುಲೆನ್ಸಿಗೆ 108.